ಹೋಗ್ತೀನಿ, ಅಷ್ಟೇ

ಹುಡುಗಿ ಮತ್ತೆ "ಹೋಗ್ಬರ್ತೀನಿ" ಎಂದೇ ಹಾಡಿದಳು. ನಾನು ರೆಕಾರ್ಡಿಂಗ್ ನಿಲ್ಲಿಸಿ, ಹೆಡ್‌ಫೋನ್ ತೆಗೆದು, ಗಾಜಿನ ಆಚೆ ಮೈಕಿನ ಮುಂದೆ ನಿಂತಿದ್ದವಳನ್ನು ನೋಡಿದೆ. ಅವಳಾಗಲೇ ನಾಲಿಗೆ ಕಚ್ಚಿಕೊಂಡು ಎರಡೂ ಕಿವಿ ಹಿಡಿದುಕೊಂಡಿದ್ದಳು.

"ಸಾರಿ ಅಕ್ಕಾ. ಮತ್ತ ಬಂತು."

"ಹಾಳೇಲಿ ಏನಂತ ಬರ್ದಿದೀನಿ?"

"ಹೋಗ್ತೀನಿ ಅಂತ."

"ನೀನೇನು ಹಾಡಿದೆ?"

"ಹೋಗ್ಬರ್ತೀನಿ ಅಂತ. ನಾ ಬೇಕಂತ ಅನ್ನಾಕತ್ತಿಲ್ಲಕ್ಕಾ. ಬಾಯಿ ತಾನ ಅಂತೈತಿ."

ಬಾಯಿ ತಾನೇ ಅನ್ನುತ್ತದೆ ಎಂಬುದು ನನಗೂ ಗೊತ್ತಿತ್ತು. ನಮ್ಮಲ್ಲಿ ಬೀದಿ ತುದಿಯ ಅಂಗಡಿಗೆ ಹಾಲು ತರಲು ಹೋಗುವವನೂ "ಬರ್ತೀನಿ" ಎಂದೇ ಹೊಸಿಲು ದಾಟುತ್ತಾನೆ. ಡಬ್ಬಿಯಲ್ಲಿ ಅಕ್ಕಿ ತಳ ಕಂಡರೆ "ಇಲ್ಲ" ಎನ್ನುವುದಿಲ್ಲ, "ತುಂಬಿದೆ" ಎನ್ನುತ್ತೇವೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಇಂಥ ಜನರ ನಡುವೆ ಹುಟ್ಟಿ ಬೆಳೆದ ನಾನು, ಪಲ್ಲವಿಯ ಕೊನೆಯಲ್ಲಿ ಬರೀ "ಹೋಗ್ತೀನಿ" ಎಂದು ನಿಲ್ಲುವ ಒಂದು ಹಾಡು ಬರೆದಿದ್ದೆ. ಬರೆದದ್ದು ಬೇಕೆಂದೇ.

ಜೆ.ಪಿ. ನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮನೆ ನನ್ನ ಸ್ಟುಡಿಯೋ. ಸ್ಟುಡಿಯೋ ಎಂದರೆ ಒಂದು ಕೋಣೆ, ಅದರ ಗೋಡೆಗೆ ಹತ್ತಿಯ ಹಾಸಿಗೆಗಳು, ಅಡುಗೆಮನೆಯಿದ್ದ ಜಾಗದಲ್ಲಿ ನನ್ನ ಕಂಪ್ಯೂಟರು. ಕೆಳಗೆ ಗಿರಣಿ ಓಡುತ್ತಿದ್ದರೆ ನೆಲದಿಂದಲೇ ಒಂದು ಗುಂಯ್ ಎನ್ನುವ ಶ್ರುತಿ ಏರಿ ಬಂದು ಮೈಕಿಗೆ ತಗಲುತ್ತದೆ. ಹಾಗಾಗಿ ಗಿರಣಿಯವರು ಊಟಕ್ಕೆಂದು ಬಾಗಿಲು ಎಳೆದುಕೊಳ್ಳುವ ಮಧ್ಯಾಹ್ನವೇ ನಮ್ಮ ಹಾಡುಗಾರಿಕೆ. ಹುಡುಗಿಗೂ ಆ ಹೊತ್ತೇ ಅನುಕೂಲವಾಗಿತ್ತು. ಹಾವೇರಿ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ರಾತ್ರಿ ಪಾಳಿಯಲ್ಲಿ ಪರದೇಶದ ಗ್ರಾಹಕರ ಫೋನಿಗೆ ಉತ್ತರಿಸುವ ಕೆಲಸ. ಬೆಳಗ್ಗೆ ಮಲಗಿ, ಎದ್ದು, ಎರಡು ಬಸ್ಸು ಹಿಡಿದು ನನ್ನಲ್ಲಿಗೆ ಬರುತ್ತಿದ್ದಳು. ಗಂಟಲಲ್ಲಿ ಸ್ವಲ್ಪ ನಿದ್ದೆ ಉಳಿದಿರುತ್ತಿತ್ತು. ನನಗೆ ಬೇಕಾಗಿದ್ದದ್ದೂ ಅದೇ.

ಹಾಡು ಬಲು ಸರಳ. ಒಂದು ಗಿಟಾರು, ಒಂದು ಹಾರ್ಮೋನಿಯಂ, ನಿಧಾನದ ನಡೆ. ಪಲ್ಲವಿ ಹೀಗೆ:

ಹಾಲು ಕಾಯಿಸಿಟ್ಟೆ,
ಬೀಗದಕೈ ಮೊಳೆಗಿಟ್ಟೆ,
ಹೋಗ್ತೀನಿ.

"ಹೋ" ಮೇಲಿನ ಸ್ವರದಲ್ಲಿ ಉದ್ದಕ್ಕೆ ನಿಂತು, "ಗ್ತೀನಿ" ಎನ್ನುವಾಗ ಧೊಪ್ಪನೆ ಷಡ್ಜಕ್ಕೆ ಇಳಿದುಬಿಡಬೇಕು. ಎಳೆಯುವಂತಿಲ್ಲ, ಬಳುಕುವಂತಿಲ್ಲ. ಹುಡುಗಿ ಆ ಇಳಿಜಾರಿನಲ್ಲೇ ಸಂದು ಮಾಡಿಕೊಂಡು ಒಂದು "ಬರ್" ತೂರಿಸುತ್ತಿದ್ದಳು. ಉಳಿದದ್ದೆಲ್ಲ ಮುತ್ತಿನಂತೆ ಹಾಡಿ, ಕೊನೆಗೆ ಬಂದು ಮನೆಯ ಸಂಸ್ಕಾರ ತೋರಿಸುತ್ತಿದ್ದಳು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಆ ಒಂದು ಮಾತನ್ನಷ್ಟೇ ಬೇರೆಯಾಗಿ ಹಾಡಿಸಿ ಸಾಲಿಗೆ ಅಂಟಿಸಿದೆ. ಅಂಟು ಕೇಳಿಸಿತು. ಸಾಲು ಹಾಡುತ್ತಾ ಬಂದವಳ ಉಸಿರು ಬೇರೆ, ಮಾತಿಗೆಂದೇ ನಿಂತು ತೆಗೆದುಕೊಂಡ ಉಸಿರು ಬೇರೆ. ಆಮೇಲೆ ಅವಳ ತಪ್ಪು ಟೇಕನ್ನೇ ತೆಗೆದುಕೊಂಡು ನಡುವಿನ "ಬರ್" ಕತ್ತರಿಸಿದೆ. ಲೆಕ್ಕದ ಪ್ರಕಾರ ಉಳಿಯಬೇಕಾದದ್ದು "ಹೋಗ್ತೀನಿ". ಆದರೆ ಬಕಾರಕ್ಕೆ ತುಟಿ ಮುಚ್ಚಬೇಕಲ್ಲ, ಆ ಮುಚ್ಚುವಿಕೆ "ಗ್" ಅನ್ನುವಾಗಲೇ ಶುರುವಾಗಿರುತ್ತದೆ. ಎಷ್ಟು ಸಣ್ಣಗೆ ಕತ್ತರಿಸಿದರೂ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ ಕೇಳುತ್ತಿತ್ತು. ಹೊರಡುವವಳ ಬಾಯಿ ಮುಚ್ಚಿಸಿದ ಹಾಡು ನನಗೆ ಬೇಡವಾಗಿತ್ತು. ಅಳಿಸಿ ಹಾಕಿದೆ.

ಗಿಟಾರ್ ನುಡಿಸುವಾತ, ಹನುಮಂತನಗರದ ಹಳೇ ಗೆಳೆಯ, ಮೂಲೆಯಲ್ಲಿ ತಂತಿ ಬಿಗಿಯುತ್ತಾ ಹೇಳಿದ: "ಬಿಟ್ಬಿಡು ಗುರು. ಹೋಗ್ಬರ್ತೀನಿ ಅಂತಾನೇ ಇರ್ಲಿ. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

"ನೀನು ಬಿಡು, ಊರಿಗೊಬ್ಳು."

ಎಷ್ಟನೆಯ ಟೇಕೋ, ಲೆಕ್ಕ ಬಿಟ್ಟಿದ್ದೆ. ಗಿರಣಿ ಮತ್ತೆ ಶುರುವಾಗುವ ಹೊತ್ತು ಹತ್ತಿರ ಬರುತ್ತಿತ್ತು. ಹುಡುಗಿ ಕೋಣೆಯಿಂದ ಹೊರಗೆ ಬಂದು ನೀರು ಕುಡಿದು, "ಅಕ್ಕಾ, ಯಾರಿಗೆ ಹೇಳಾಕತ್ತೇನಿ ಅಂತ ನನಗ ತಿಳಿವಲ್ದು. ಅದಕ್ಕ ನಾಲಿಗಿ ಹಿಂಜರೀತೈತಿ" ಎಂದಳು.

"ನೀನು ಯಾರಿಗೆ ಹೇಳ್ಬೇಕು ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದೀಯೋ, ಅವ್ರಿಗೆ ಹೇಳು."

ಅವಳು ಸ್ವಲ್ಪ ಯೋಚಿಸಿದಳು. ಮುಖದಲ್ಲಿ ಒಂದು ತುಂಟ ನಗೆ ಬಂದು ಹೋಯಿತು. ಒಳಗೆ ಹೋದವಳು ಮೂಲೆಯಲ್ಲಿಟ್ಟಿದ್ದ ತನ್ನ ಬ್ಯಾಗು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬ್ಯಾಗಿನ ಜಿಪ್ಪು ಮೈಕಿಗೆ ಸದ್ದು ಕೊಡುತ್ತದೆಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಹಾಡಿದಳು. ಅಳು ಇಲ್ಲ, ಬೇಡಿಕೆ ಇಲ್ಲ, ಸಿಟ್ಟು ಕೂಡ ಹೆಚ್ಚಿಲ್ಲ. "ಹೋಗ್ತೀನಿ." ಬಂದು ಷಡ್ಜದ ಮೇಲೆ ಕೂತ ರೀತಿಗೆ ಗಿಟಾರಿನವನು ಮುಂದಿನ ಸ್ವರ ನುಡಿಸುವುದನ್ನೇ ಮರೆತ. ಆ ಖಾಲಿ ಜಾಗವನ್ನು ನಾನು ಹಾಗೆಯೇ ಉಳಿಸಿಕೊಂಡೆ. ಜಿಪ್ಪಿನ ಸದ್ದೂ ಹಾಡಿನಲ್ಲಿ ಇದೆ, ಕಿವಿಗೊಟ್ಟರೆ ಕೇಳುತ್ತದೆ.

"ಯಾರಿಗೆ ಹೇಳ್ದೆ?" ಎಂದು ಕೇಳಿದೆ.

"ನಮ್ಮ ಟೀಮ್ ಲೀಡರ್‌ಗೆ. ನಮ್ಮಕ್ಕನ ಕುಬುಸಕ್ಕ ರಜಾ ಕೊಡ್ಲಿಲ್ಲಕ್ಕಾ ಅವ."

ಕುಬುಸ ಎಂದರೆ ನಮ್ಮ ಕಡೆಯ ಸೀಮಂತ. ಒಡಹುಟ್ಟಿದವಳ ಸೀಮಂತಕ್ಕೆ ರಜೆ ಕೊಡದವನಿಗೆ ಹೇಳಿದ ಮಾತು ಮುಂದೆ ಸಮುದ್ರ ದಾಟಿತು.

ಆದರೆ ಮೊದಲು ಅದು ನಮ್ಮೂರಿನಲ್ಲೇ ಮುಗ್ಗರಿಸಿತು. ಹಾಡನ್ನು ಜಗತ್ತಿನ ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ಒಂದು ಕಂಪನಿಗೆ ಕೊಟ್ಟಿದ್ದೆ. ಅವರ ಪದ್ಧತಿಯಂತೆ ಮುಗಿದ ಹಾಡಿನ ಜೊತೆಗೆ ಆ ದಿನದ ಪೂರ್ತಿ ರೆಕಾರ್ಡಿಂಗನ್ನೂ, ಗಿಟಾರು ಬೇರೆ, ಹಾರ್ಮೋನಿಯಂ ಬೇರೆ, ಕಂಠ ಬೇರೆಯಾಗಿ ಕಳಿಸಬೇಕಿತ್ತು. ತಪ್ಪು ಟೇಕುಗಳೂ ಅದರೊಳಗೆ ಹೋದವು. ಅದನ್ನು ಯಾರೂ ಸೋಸಿ ಕಳಿಸುವುದಿಲ್ಲ. ನಾನೂ ಸೋಸಲಿಲ್ಲ.

ಎಫ್.ಎಂ.ನ ಒಬ್ಬಾತ ಫೋನಿನಲ್ಲಿ ಸಂಕೋಚದಿಂದಲೇ ಹೇಳಿದ: "ಸಾಂಗ್ ಸಖತ್ತಾಗಿದೆ ಮೇಡಂ. ಆದ್ರೆ ಬೆಳಗ್ಗೆ ಎಲ್ರೂ ಗಾಡಿ ಓಡಿಸ್ತಾ ಕೇಳ್ತಿರ್ತಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಕಡೆ ಹೊರಟಿರೋರಿಗೆ ಹೋಗ್ತೀನಿ ಅಂತ ಹಾಡು ಹಾಕಿದ್ರೆ ಹೆಂಗೆ?" ಶ್ರೀನಗರದ ನನ್ನ ಚಿಕ್ಕಮ್ಮ ಪೂರ್ತಿ ಕೇಳುವ ಮೊದಲೇ ಬೈದಳು: "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಲ್ಲೋ ಮಾಮ ಅಂದ್ನಂತೆ. ಅದೇ ನೀನು! ಲೋಕದಲ್ಲಿ ಬೇರೆ ಮಾತೇ ಸಿಗ್ಲಿಲ್ವೇನೇ?" ನಾನು ನಕ್ಕೆ, ಆದರೆ ಒಳಗೆ ಉರಿಯಿತು. ಹಾಡು ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅರಗಿಸಿಕೊಳ್ಳಬಹುದಿತ್ತು. ಹೊಸಿಲು ದಾಟುವ ಹೆಣ್ಣು ವಾಪಸ್ಸು ಬರುತ್ತೇನೆಂದು ಭರವಸೆ ಕೊಟ್ಟೇ ಹೋಗಬೇಕು ಎಂಬುದು ಅವರ ತಕರಾರು.

ಪೋರ್ಚುಗಲ್ ಎಂಬ ದೇಶದಿಂದ ಮೊದಲ ಸುದ್ದಿ ಬಂತು. ಅಲ್ಲಿ ಒಬ್ಬ ಹೆಂಗಸು, ಬೇಕರಿಯ ಕೆಲಸ ಬಿಡುವ ದಿನ, ಮೈಮೇಲಿನ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕೌಂಟರಿನ ಮೇಲಿಟ್ಟು ಹೊರಗೆ ನಡೆಯುತ್ತಾಳೆ. ಅರೆ ನಿಮಿಷದ ಆ ವಿಡಿಯೋಗೆ ನಮ್ಮ ಪಲ್ಲವಿ ಹಾಕಿದ್ದಳು. ಅವಳಿಗೆ ಹಾಡು ಎಲ್ಲಿ ಸಿಕ್ಕಿತೋ ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ನೋಡಿ ಇನ್ನೊಬ್ಬಳು ಹಾಸ್ಟೆಲಿನ ಕೀಲಿ ವಾಪಸ್ಸು ಕೊಟ್ಟಳು, ಮತ್ತೊಬ್ಬ ಆಫೀಸಿನ ಗುರುತಿನ ಚೀಟಿ ಕತ್ತಿನಿಂದ ತೆಗೆದ. ಬ್ರೆಜಿಲ್, ಫಿಲಿಪ್ಪೀನ್ಸ್, ಆಮೇಲೆ ನಾನು ನಕ್ಷೆಯಲ್ಲಿ ಹುಡುಕಬೇಕಾದ ಊರುಗಳು. ಒಂದು ದೇಶದಲ್ಲಿ ಹೆಚ್ಚು ಕೇಳುವ ಹಾಡುಗಳ ಪಟ್ಟಿಯ ಬುಡದಲ್ಲಿ ಕಾಣಿಸಿಕೊಂಡ ಹಾಡು ವಾರ ಕಳೆಯುವಷ್ಟರಲ್ಲಿ ನಾಲ್ಕಾರು ದೇಶಗಳ ಪಟ್ಟಿಯಲ್ಲಿ ಮೇಲಕ್ಕೆ ಹತ್ತುತ್ತಾ ಹೋಯಿತು. ಪಟ್ಟಿಯಲ್ಲಿ ಅತ್ತ ಇತ್ತ ಇಂಗ್ಲಿಷು, ಸ್ಪ್ಯಾನಿಷು, ಕೊರಿಯನ್ನು. ನಡುವೆ ನಮ್ಮ ಹಾವೇರಿಯ ಹುಡುಗಿ, ಹಾಲು ಕಾಯಿಸಿಟ್ಟು.

ನಾನು ಕೂತು ಆ ವಿಡಿಯೋಗಳನ್ನು ನೋಡಿದೆ. ಒಂದೇ ಒಂದು ಮಾತಿನ ಅರ್ಥವೂ ಗೊತ್ತಿಲ್ಲದವರು ಅದನ್ನು ಸರಿಯಾದ ಜಾಗದಲ್ಲೇ ಬಳಸಿದ್ದರು. ಯಾರೂ ತರಕಾರಿ ತರಲು ಹೊರಟ ವಿಡಿಯೋ ಹಾಕಿರಲಿಲ್ಲ. ಎಲ್ಲರೂ ತಿರುಗಿ ಬಾರದ ಬಾಗಿಲನ್ನೇ ದಾಟುತ್ತಿದ್ದರು. ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. "ನೋಡಿ ಎಲ್ರೂ" ಎಂದು ಜಯನಗರದಿಂದ ಬನಶಂಕರಿಯವರೆಗೆ ಕೂಗಬೇಕೆನಿಸಿದ್ದೂ ಸುಳ್ಳಲ್ಲ. ಚಿಕ್ಕಮ್ಮ ಅಷ್ಟರಲ್ಲಿ ತನ್ನ ಭಜನಾ ಮಂಡಳಿಗೆಲ್ಲ "ನಮ್ಮನೆ ಹುಡುಗಿ ಬರ್ದಿದ್ದು" ಎಂದು ಹೇಳಿಯಾಗಿತ್ತು. ಗೂಬೆಯ ಸುದ್ದಿ ಅವಳಿಗೆ ಮರೆತೇ ಹೋಗಿತ್ತು.

ಆಗ ಕಂಪನಿಯವರು ಕರೆದರು. ಬನ್ನೇರುಘಟ್ಟ ರಸ್ತೆಯ ಗಾಜಿನ ಕಟ್ಟಡ, ತಣ್ಣನೆಯ ಕೋಣೆ, ನಾವಿಬ್ಬರು ಒಂದು ಕಡೆ, ಮೇಜಿನಾಚೆ ಒಬ್ಬ ಯುವ ಅಧಿಕಾರಿ. ಕೆಟ್ಟವನಲ್ಲ. ಹುಡುಗಿಗೆ ತಾನೇ ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ, ಹಾಡನ್ನು ನಿಜವಾಗಿ ಮೆಚ್ಚಿದ್ದ.

"ಮೇಡಂ, ಒಂದು ದೊಡ್ಡ ಸೂಟ್‌ಕೇಸ್ ಬ್ರ್ಯಾಂಡ್ ಬಂದಿದೆ. ಇಲ್ಲೂ ಹೊರಗೂ ಆಡ್ ಮಾಡ್ತಾರೆ. ನಿಮ್ಮ ಸಾಂಗೇ ಬೇಕಂತೆ. ಒಂದೇ ಒಂದು ಚೇಂಜ್."

"ಏನು?"

"ಹೋಗ್ತೀನಿ ಅನ್ನೋದು ಹೋಗ್ಬರ್ತೀನಿ ಆಗ್ಬೇಕು. ಅವ್ರ ಎಂ.ಡಿ. ತಾಯಿ ಬಸವನಗುಡಿಯವ್ರಂತೆ. ಕೇಳಿದ ತಕ್ಷಣ ಅಪಶಕುನ ಅಂದ್ರಂತೆ. ಪಾಯಿಂಟ್ ಇದೆ ಅಲ್ವಾ? ಸೂಟ್‌ಕೇಸ್ ತಗೊಂಡು ಹೋದೋರು ವಾಪಸ್ ಬರ್ಬೇಕಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವನು ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದ. ನಮ್ಮ ಹಾಡು. ನಮ್ಮ ಹುಡುಗಿಯದೇ ಕಂಠ. "ಹೋಗ್ಬರ್ತೀನಿ." ನಾನು ಅವಳ ಕಡೆ ನೋಡಿದೆ, ಅವಳು ನನ್ನ ಕಡೆ. ಇದನ್ನು ಯಾವಾಗ ಹಾಡಿದೆ ಎಂದು ನಾನು ಕೇಳುವವಳಿದ್ದೆ. ಅಷ್ಟರಲ್ಲಿ ಹೊಳೆಯಿತು. ಆವತ್ತಿನ ತಪ್ಪು ಟೇಕುಗಳಲ್ಲಿ ಒಂದನ್ನು ಹೆಕ್ಕಿ ಕೂರಿಸಿದ್ದರು. ಖಾಲಿ ಬಿಟ್ಟ ಜಾಗಕ್ಕೆ ಪಿಟೀಲುಗಳನ್ನು ತುಂಬಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಕೇಳಲು ಇಂಪಾಗಿಯೂ ಇತ್ತು. ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಅದೇ.

"ಇದನ್ನ ಬೇರೆ ಹಾಡು ಅಂತ ಹಾಕ್ತೀರಾ?" ಎಂದೆ.

"ಇಲ್ಲ ಮೇಡಂ. ಬೇರೆ ಹಾಕಿದ್ರೆ ಸೊನ್ನೆಯಿಂದ ಶುರು ಮಾಡ್ಬೇಕು. ಪ್ರತಿ ಹಾಡಿಗೂ ಒಂದು ಕೋಡ್ ಇರತ್ತೆ. ಅದೇ ಕೋಡ್ ಕೆಳಗೆ ಹಳೇ ಫೈಲ್ ತೆಗ್ದು ಇದನ್ನ ಕೂರಿಸ್ತೀವಿ. ಕೇಳಿದವ್ರ ಲೆಕ್ಕ, ಚಾರ್ಟಲ್ಲಿರೋ ಜಾಗ, ಎಲ್ಲಾ ಹಾಗೇ ಇರತ್ತೆ."

"ಹಳೇದು?"

"ಹಳೇದು ಇರಲ್ಲ."

ಅಂದರೆ ಬೇಕರಿಯ ಹೆಂಗಸು ಏಪ್ರನ್ ಮಡಿಸಿಟ್ಟ ಹಾಡು ಎಲ್ಲಿಯೂ ಇರುವುದಿಲ್ಲ. ಮುಂದೆ ಹುಡುಕಿ ಬಂದವರಿಗೆಲ್ಲ ಸಿಗುವುದು, ಹೊರಟಂತೆ ಮಾಡಿ ಹಿಂದಿರುಗುವ ಒಂದು ಹಾಡು. ಬರೆದವಳದೂ ಹಾಡಿದವಳದೂ ಸಹಿ ಬೇಕು, ಶುಕ್ರವಾರದೊಳಗೆ ಕೊಟ್ಟರೆ ಒಳ್ಳೆಯದು ಎಂದ.

"ಒಂದೇ ಒಂದಕ್ಷರ ಅಲ್ವಾ ಮೇಡಂ? ಅದಕ್ಕೇನು ಅಷ್ಟು?"

ಅವನಿಗೆ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ. ಜಯನಗರದ ಒಂದು ಮನೆಯಲ್ಲಿ ನಾನು ಸೊಸೆಯಾಗಿದ್ದೆ. ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ, ಯಾರೂ ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು. ಕೊನೆಗೊಂದು ಬೆಳಗ್ಗೆ ನಾನೇ ಏಣಿ ಹಾಕಿ ಅದನ್ನು ಇಳಿಸಿಕೊಂಡು, ಬಟ್ಟೆಯ ಪೆಟ್ಟಿಗೆಯ ಜೊತೆ ಬಾಗಿಲಿಗೆ ತಂದೆ. ಎಲ್ಲರಿಗೂ ತಿಳಿದಿತ್ತು, ನಾನು ಬಿಟ್ಟು ಹೊರಟಿದ್ದೇನೆಂದು. ಆದರೂ ನಮ್ಮತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು ಹಣೆಗಿಟ್ಟು, "ಹೋಗ್ಬರ್ತೀನಿ ಅನ್ನಮ್ಮ. ಹಾಗೆ ಹೋಗ್ಬಾರ್ದು" ಎಂದರು. ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿಗೆ ಸೋತು ಹಾಗೆಂದುಬಿಟ್ಟಿದ್ದರೆ ಅರ್ಧ ಅಲ್ಲೇ ಉಳಿದುಬಿಡುತ್ತಿದ್ದೆ. "ಹೋಗ್ತೀನಿ ಅತ್ತೆ" ಎಂದೆ. ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತೆ. ಆ ಮನೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಅದೊಂದೇ ನನ್ನದಾಗಿತ್ತು. ಅದಕ್ಕೆ ಒಂದಕ್ಷರ ಸೇರಿಸಿ ಸೂಟ್‌ಕೇಸ್ ಮಾರುವವರಿಗೆ ಕೊಡು ಎನ್ನುತ್ತಿದ್ದಾರೆ. ಕೊಡುವುದಿಲ್ಲ. ಯಾಕೆ ಕೊಡಬೇಕು?

ಆದರೆ ಹಾಡು ನನ್ನೊಬ್ಬಳದಾಗಿರಲಿಲ್ಲ. ಅಲ್ಲಿಂದ ಬಂದು ಬಿ.ಟಿ.ಎಂ.ನ ಒಂದು ದರ್ಶಿನಿಯಲ್ಲಿ ಕಾಫಿಗೆ ನಿಂತಾಗ ಹುಡುಗಿ ಲೋಟ ತಿರುಗಿಸುತ್ತಾ ಹೇಳಿದಳು: "ಅಕ್ಕಾ, ಬದಲ್ ಮಾಡಿಬಿಡೂಣೇನು?"

ನನಗೆ ಕಾಫಿ ನೆತ್ತಿಗೇರಿತು.

"ನಮ್ಮವ್ವ ನನ್ನ ಕೂಡ ಮಾತಾಡೂದು ಬಿಟ್ಟಾಳ. ಫೋನ್ ಮಾಡಿದ್ರ ನಮ್ಮಕ್ಕನ ಕೈಗೆ ಕೊಡ್ತಾಳ. ಊರಾಗ ಎಲ್ಲಾರೂ ಕೇಳ್ತಾರಂತ, ನಿಮ್ಮ ಮಗಳು ಹೋಗ್ತೀನಿ, ಹೋಗ್ತೀನಿ ಅಂತಾಳಲ್ಲ, ಎಲ್ಲಿಗೆ ಹೊಂಟಾಳವ್ವಾ ಅಂತ. ಜಗತ್ತಿನ ಮಂದಿ ಕೇಳಿದ್ರೇನಕ್ಕಾ, ಅವ್ವ ಕೇಳವಲ್ಲಳು."

ಅವಳ ಕಣ್ಣಲ್ಲಿ ನೀರಿತ್ತು. ನಾನು ಒಂದು ಸಹಿ ತಡೆದರೆ ಸಾಕಿತ್ತು, ಹಾಡು ಉಳಿಯುತ್ತಿತ್ತು. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಕಂಪನಿಯವರ ಆಟ ನಡೆಯುವುದಿಲ್ಲ. ನನ್ನ ಮಾತನ್ನು ಉಳಿಸಿಕೊಳ್ಳಲು ಇನ್ನೊಬ್ಬಳ ಬಾಯಿ ಕಟ್ಟುವುದೇ? ಅದನ್ನೇ ತಾನೆ ನಾನು ಬಿಟ್ಟು ಬಂದದ್ದು? ಕಾಫಿ ಲೋಟ ಕೆಳಗಿಟ್ಟೆ. ಆಮೇಲೆ ಹೇಳಿದೆ: "ಕಂಠ ನಿಂದು. ನೀನು ಬೇಡ ಅಂದ್ರೆ ಬೇಡ. ಬದಲಾಯ್ಸೋಣ ಅಂದ್ರೆ ನಾನೂ ಸೈನ್ ಹಾಕ್ತೀನಿ. ಆದ್ರೆ ಎರಡನ್ನೂ ಸ್ಪೀಕರ್‌ನಲ್ಲಿ ಕೇಳಿ ಹೇಳು. ಫೋನಲ್ಲಲ್ಲ."

ಹೇಳಿದ್ದೇನೋ ಹೇಳಿಬಿಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಶುಕ್ರವಾರ ಮಧ್ಯಾಹ್ನ ಹುಡುಗಿ ಒಬ್ಬಳೇ ಬರಲಿಲ್ಲ. ಹಿಂದೆ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದ ಅವರವ್ವ. ಬೆಳಗಿನ ರೈಲಿಗೆ ಇಳಿದಿದ್ದರಂತೆ. ನನ್ನ ಕೈಗೆ ರೊಟ್ಟಿಯ ಗಂಟು ಕೊಟ್ಟು, ಗೋಡೆಗೆ ನೇತುಹಾಕಿದ ಹಾಸಿಗೆಗಳನ್ನು ಒಮ್ಮೆ ನೋಡಿ, "ಇವನ್ಯಾಕ ಗ್ವಾಡಿಗೆ ಏರಿಸೀರಿ?" ಎಂದರು. ದನಿ ಹೊರಗೆ ಹೋಗದಿರಲೆಂದು ಎಂದೆ. "ಹೋಗಿ ಆತಲ್ರಿ ಜಗತ್ತಿಗೆಲ್ಲಾ" ಎಂದು ಕುರ್ಚಿಯ ತುದಿಯಲ್ಲಿ ಕೂತರು.

ಕೆಳಗೆ ಗಿರಣಿ ನಿಂತಿತು. ಮೊದಲು ಕಂಪನಿಯವರು ಕಳಿಸಿದ್ದನ್ನು ಹಾಕಿದೆ. ಪಿಟೀಲು, ಇಂಪು, "ಹೋಗ್ಬರ್ತೀನಿ". ಅವ್ವ ತಲೆದೂಗಿದರು. "ಛಲೋ ಐತಿ."

ಆಮೇಲೆ ನಮ್ಮದು. ಜಿಪ್ಪಿನ ಸದ್ದು, "ಹೋಗ್ತೀನಿ", ಖಾಲಿ ಜಾಗ. ಅವ್ವ ಸೆರಗಿನ ಅಂಚು ಬಾಯಿಗೆ ಹಿಡಿದರು. ನಾನು ಗುಂಡಿಯ ಮೇಲಿಟ್ಟ ಬೆರಳು ಹಾಗೇ ಇಟ್ಟುಕೊಂಡು ಕೂತೆ.

"ಇದನ್ನ ನನಗ ಅಂದೀಯಲ್ಲ ನೀ?" ಎಂದರು ಮಗಳಿಗೆ. ಬಹಳ ಮೆಲ್ಲಗೆ ಕೇಳಿದರು. "ಬೆಂಗಳೂರಿಗೆ ಬಂದ ಮ್ಯಾಲ ಎರಡು ಸಲ ಬಂದಿ ಮನಿಗೆ. ಅಕ್ಕನ ಕುಬುಸಕ್ಕ ಸೈತ ಬರ್ಲಿಲ್ಲ. ಇನ್ನ ಬರೂದಿಲ್ಲ ಅಂತ ಹಾಡಿನ್ಯಾಗ ಹೇಳಿ ಕಳಿಸೀದಿ."

ಹುಡುಗಿ ಗಾಬರಿಯಾಗಿ ಎದ್ದಳು. "ಅಯ್ಯ ಯವ್ವಾ! ನಿನಗಲ್ಲ! ನಮ್ಮ ಟೀಮ್ ಲೀಡರ್‌ಗೆ ಅಂದಿದ್ದು! ಕುಬುಸಕ್ಕ ರಜಾ ಕೊಡ್ಲಿಲ್ಲಲ್ಲ, ಆ ಸಾಹೇಬಗ!"

"ಯಾರಿಗೆ?"

"ಸಾಹೇಬಗವ್ವಾ! ಅಕ್ಕನ್ನ ಕೇಳು."

ನಾನು ತಲೆಯಾಡಿಸಿದೆ. ಅವ್ವನ ಮುಖದ ಗಂಟು ಸಡಿಲವಾಯಿತು, ನಗುವೂ ಇಣುಕಿತು, ತಕ್ಷಣ ಅದನ್ನು ಒಳಗೆಳೆದುಕೊಂಡರು. ಇಷ್ಟು ವಾರ ಮಾತು ಬಿಟ್ಟದ್ದು ಸುಮ್ಮಸುಮ್ಮನೆ ಎಂದು ಒಪ್ಪಿಕೊಳ್ಳುವುದು ಯಾವ ತಾಯಿಗೂ ಸುಲಭವಲ್ಲ.

"ಆತು, ಸಾಹೇಬಗ ಅಂದಿ. ಊರ ಮಂದಿಗೆ ಮನಿಮನಿಗೆ ಹೋಗಿ ಹೇಳ್ಲೇನು ನಾ? ಬದಲ್ ಮಾಡು. ಅಕ್ಕಾರ, ನೀವರ ಹೇಳ್ರಿ. ಒಂದು ಅಕ್ಷರಕ್ಕ ಇಷ್ಟ್ಯಾಕ ಹಟ?"

ನನ್ನ ನಾಲಿಗೆಯ ತುದಿಯಲ್ಲಿ ಎಲ್ಲ ಇತ್ತು. ಜಯನಗರದ ಮನೆ, ಕುಂಕುಮದ ಬಟ್ಟಲು, ಆಟೋ. "ಅವ್ಳು ಹೇಳಿದ್ ಹಾಗೆ ಅಮ್ಮ" ಎಂದಷ್ಟೇ ಹೇಳಿ ತುಟಿ ಬಿಗಿಹಿಡಿದೆ. ಅಷ್ಟು ಕಷ್ಟದ ಕೆಲಸ ಆ ಕೋಣೆಯಲ್ಲಿ ನಾನು ಬೇರೆ ಮಾಡಿಲ್ಲ.

ಹುಡುಗಿ ಸ್ಪೀಕರುಗಳ ಕಡೆ ನೋಡಿದಳು. ಆಮೇಲೆ ಅವ್ವನ ಕಡೆ.

"ಇಲ್ಲವ್ವಾ."

"ಏನಿಲ್ಲ?"

"ಬದಲ್ ಮಾಡೂದಿಲ್ಲ. ಅವರು ಹಾಕಿದ್ದು ನಾ ತಪ್ಪಿ ಹಾಡಿದ್ದು. ಎಷ್ಟು ಸಲ ತಪ್ಪೇನಿ ಅಂತ ಅಕ್ಕಗ ಗೊತ್ತೈತಿ. ಅಷ್ಟು ತಪ್ಪಿ ಕಡೀಕ ಒಂದು ಖರೇ ಹಾಡೇನಿ. ಖರೇದನ್ನ ತಗದು ತಪ್ಪಿದ್ದನ್ನ ಮಂದಿಗೆ ಕೇಳಸ್ಲೇನು? ಆಕಿ ಬರೂದಿಲ್ಲವ್ವಾ, ಹಾಡಿನ್ಯಾಗಿನಾಕಿ. ಬರೂದಿಲ್ಲ ಅಂತಂದ ಮ್ಯಾಲ ಬರ್ತೀನಿ ಅಂತ ಯಾಕ ಸುಳ್ಳು ಹೇಳ್ಬೇಕು?"

ನಾನು ಮುಖ ತಿರುಗಿಸಿ ಕಂಪ್ಯೂಟರಿನ ತೆರೆಯನ್ನು ನೋಡುತ್ತಾ ಕೂತೆ. ಹಾಡಿಸುವಾಗಲಾಗಲಿ ಆಮೇಲಾಗಲಿ ಅವಳಿಗೆ ನನ್ನ ಕಥೆಯ ಒಂದಕ್ಷರವನ್ನೂ ಹೇಳಿರಲಿಲ್ಲ. ಆಮೇಲೆ ಅವಳ ಎದುರಿಗೇ ಕಂಪನಿಗೆ ಫೋನ್ ಮಾಡಿದೆ. ಹಾಡು ಹೇಗಿದೆಯೋ ಹಾಗೇ ಇರುತ್ತದೆ, ಇಬ್ಬರೂ ಸಹಿ ಮಾಡುವುದಿಲ್ಲ ಎಂದೆ.

"ಮೇಡಂ, ಆಫರ್ ಹೋಗ್ಬಿಡತ್ತೆ."

"ಹೋಗ್ಲಿ ಬಿಡಿ."

"ಮತ್ತೆ ಬರಲ್ಲ ಮೇಡಂ."

"ಬರೋದು ಬೇಡ."

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಸೂಟ್‌ಕೇ‌ಸಿನವರು ಬೇರೆ ಹಾಡು ಹುಡುಕಿಕೊಂಡರು. ಕಂಪನಿಯವರು ನಮ್ಮ ಹಾಡನ್ನು ಮುಂದೆ ತಳ್ಳುವುದನ್ನು ನಿಲ್ಲಿಸಿದರು. ಆದರೂ ಹಾಡು ತನ್ನಷ್ಟಕ್ಕೆ ತಾನೇ ಇನ್ನೆರಡು ದೇಶಗಳ ಪಟ್ಟಿ ಹತ್ತಿತು, ಆಮೇಲೆ ಎಲ್ಲ ಹಾಡುಗಳಂತೆ ಒಂದೊಂದೇ ಮೆಟ್ಟಿಲು ಇಳಿದು ಪಟ್ಟಿಯಿಂದ ಹೊರಗೆ ಹೋಯಿತು. ಹೋಗುವಾಗ ಬರ್ತೀನಿ ಎನ್ನಲಿಲ್ಲ. ಹುಡುಗಿ ರಾತ್ರಿ ಪಾಳಿಯ ಕೆಲಸ ಬಿಟ್ಟಳು. ಟೀಮ್ ಲೀಡರಿಗೆ ಕೊನೆಯ ದಿನ ಏನು ಹೇಳಿದಳೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬೇಕರಿಯ ಹೆಂಗಸು ನಡೆದುಹೋಗುವ ಹಾಡು ಇಂದಿಗೂ ಅದೇ ಕೋಡಿನ ಕೆಳಗೆ, ಜಿಪ್ಪಿನ ಸದ್ದಿನ ಸಮೇತ ಇದೆ.

ಆ ಶುಕ್ರವಾರ ಮಾತ್ರ, ನಾನು ಫೋನ್ ಇಟ್ಟ ಕೂಡಲೇ ಅವ್ವ ಎದ್ದು ನಿಂತರು. ಸಿಟ್ಟು ಮುಖವೆಲ್ಲ ತುಂಬಿತ್ತು. ಮಗಳು ಎದುರಾಡಿದ್ದಾಳೆ, ಅದೂ ಇನ್ನೊಬ್ಬರ ಮನೆಯಲ್ಲಿ. ಊಟ ಮಾಡಿಕೊಂಡು ಹೋಗಿ ಎಂದೆ, ಬೇಡವೆಂದರು. ಸಂಜೆಯ ರೈಲಿಗೆ ಇನ್ನೂ ಹೊತ್ತಿದೆಯಲ್ಲ ಎಂದು ಮಗಳು ಕೈ ಹಿಡಿದಳು, ಕೊಡವಿಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಸೆರಗು ಬಿಗಿದು, ನಮ್ಮಿಬ್ಬರ ಕಡೆಗೂ ನೋಡದೆ ಹೇಳಿದರು:

"ನಾ ಹೋಗ್ತೀನಿ."

ಹೇಳಿದ ಮಾತು ಅವರಿಗೂ ಕೇಳಿಸಿರಬೇಕು. ಒಂದು ಕ್ಷಣ ಹೊಸಿಲಿನಾಚೆ ಕಲ್ಲಿನಂತೆ ನಿಂತರು. ಆಮೇಲೆ ಮೆಟ್ಟಿಲಿಳಿಯತೊಡಗಿದರು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. ನಾವಿಬ್ಬರೂ ಅಲುಗಾಡಲಿಲ್ಲ. ಚಪ್ಪಲಿಯ ಸದ್ದು ಕೆಳಗೆ ಹೋಯಿತು, ತಿರುವಿನಲ್ಲಿ ನಿಂತಿತು. ಗಿರಣಿ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಎಲ್ಲವೂ ಕೇಳುತ್ತಿತ್ತು. ನಿಂತ ಸದ್ದು ಮತ್ತೆ ಮೇಲಕ್ಕೆ ಬಂತು, ಏದುಸಿರಿನ ಸಮೇತ. ಅರ್ಧ ಮೆಟ್ಟಿಲು ಹತ್ತಿ ನಿಂತ ಅವ್ವನ ತಲೆ ಮಾತ್ರ ನಮಗೆ ಕಾಣುತ್ತಿತ್ತು.

"ನಾ ನಿನ್ನ ಹಾಡಿನ್ಯಾಗಿನಾಕಿ ಅಲ್ಲ" ಎಂದರು ಮಗಳಿಗೆ, ಅದೇ ಸಿಟ್ಟಿನಲ್ಲಿ. "ಹೋಗಿ ಬರ್ತೀನಿ."

"ಹೋಗಿ ಬನ್ನಿ ಅಮ್ಮ" ಎಂದೆ ನಾನು.